ಕಳ್ಳ ಶಂಖ

ಶಿರಸಿಯ ಪೇಟೆ ಮುಗಿದು ಸಿದ್ದಾಪುರದ ರಸ್ತೆ ಹಿಡಿಯುವಲ್ಲಿ ನಮ್ಮ ಸುಣ್ಣದ ಗೂಡು ಇತ್ತು. ಎದೆಯೆತ್ತರದ ಮಣ್ಣಿನ ಗೋಡೆ, ಬುಡದಲ್ಲಿ ಗಾಳಿ ಹೋಗಲು ನಾಲ್ಕು ಕಿಂಡಿ, ಒಳಗೆ ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು. ನಾನು ಹುಟ್ಟಿದ್ದು ಅದರ ಪಕ್ಕದ ಮನೆಯಲ್ಲಿ. ಊರಿನ ಅರ್ಧ ಬಾಯಿ ಕೆಂಪಗಾಗುತ್ತಿದ್ದುದು ನಮ್ಮ ಸುಣ್ಣದಿಂದಲೇ. ಹಾಗಿದ್ದೂ ನಮ್ಮನ್ನು ಜಗಲಿ ಹತ್ತಿಸುವ ಮುಂಚೆ ಜನ ಎರಡು ಸಲ ಯೋಚಿಸುತ್ತಿದ್ದರು. ಆ ಸಿಟ್ಟು ನನಗೆ ಇನ್ನೂ ಇದೆ, ಇರಲಿ. ಈಗ ಹೇಳಬೇಕಾದದ್ದು ಹೆಬ್ಬೆರಳ ಗೆಣ್ಣಿನಷ್ಟೇ ದೊಡ್ಡದಾದ ಒಂದು ಶಂಖದ ವಿಷಯ, ಅದರಿಂದ ಹೋದ ನನ್ನ ಅಕ್ಕನ ಕಣ್ಣಿನ ವಿಷಯ.

ಬ್ರಿಟಿಷ್ ಸರಕಾರಕ್ಕೆ ಕರ ಕೊಡುವುದಿಲ್ಲ ಎಂದು ಹಟ ಹಿಡಿದ ಸಿದ್ದಾಪುರದ ಕಡೆಯ ಮನೆಗಳಿಂದ ಪಾತ್ರೆ ಪಗಡೆ, ದನಕರು ಎಲ್ಲ ಜಪ್ತಿಯಾಗಿ, ಆ ಗಲಾಟೆ ಒಂದು ಹದಕ್ಕೆ ಬಂದ ಮೇಲಿನ ಮಾತು ಇದು. ನನಗೆ ಹನ್ನೊಂದು ವರ್ಷ, ಅಕ್ಕನಿಗೆ ಹದಿನಾರು. ನಾನು ಮೂರು ವರ್ಷದವಳಿದ್ದಾಗಲೇ ಅವ್ವ ಜ್ವರದಲ್ಲಿ ತೀರಿಕೊಂಡಿದ್ದಳು. ಅಪ್ಪ ಮತ್ತೆ ಮದುವೆಯಾಗಲಿಲ್ಲ. ಅಕ್ಕನ ಮದುವೆಯನ್ನೂ ಈ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತ ಬಂದ. ಅವಳು ಹೋದರೆ ಅಡಿಗೆಮನೆಯೂ ಗೂಡೂ ಒಟ್ಟಿಗೆ ಆರುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅವಳನ್ನು ನೋಡಲು ಯಾರಾದರೂ ಬಂದರೆ ನಾನು ಅವರ ಚಪ್ಪಲಿಯೊಳಗೆ ಸುಣ್ಣದ ಹಿಟ್ಟು ಹಾಕಿ ಇಟ್ಟದ್ದೂ ಉಂಟು.

ಚಿಪ್ಪು ಬರುತ್ತಿದ್ದುದು ಕುಮಟೆಯ ಕಡೆಯ ಹೊಳೆಬಾಯಿಯಿಂದ. ಅಲ್ಲಿಯವರು ಕೆಸರಿನಿಂದ ಬಳಚು ಹೆಕ್ಕಿ, ಒಳಗಿನ ಮಾಂಸ ತಿಂದು, ಎರಡೆರಡು ಎಸಳಿನ ಆ ಚಿಪ್ಪುಗಳನ್ನು ಹಿತ್ತಿಲಲ್ಲಿ ರಾಶಿ ಹಾಕುತ್ತಿದ್ದರು. ನಮ್ಮೂರಿನ ಗಾಡಿ ಸಾಬರೊಬ್ಬರು ಅಡಿಕೆ ಇಳಿಸಿ ಬರುವಾಗ ಗಾಡಿ ಬರಿದಾಗಿ ಬರಬಾರದೆಂದು ಅದನ್ನು ಗೋಣಿಗಟ್ಟಲೆ ತುಂಬಿಕೊಂಡು ದೇವಿಮನೆ ಘಟ್ಟ ಹತ್ತಿಸುತ್ತಿದ್ದರು. ಗೋಣಿ ಬಿಚ್ಚಿದರೆ ಮನೆಯೆಲ್ಲ ಕಡಲ ವಾಸನೆ. ನಾವಿಬ್ಬರೂ ಕಡಲು ಕಂಡವರಲ್ಲ. ಅಕ್ಕ ಕೊನೆಗೂ ಕಾಣಲಿಲ್ಲ.

ಬಳಚಿನ ಜೊತೆ ಬೇಡದ್ದೂ ಬರುತ್ತಿತ್ತು. ಕಲ್ಲು, ಕಟ್ಟಿಗೆ ಚೂರು, ಏಡಿಯ ಕಾಲು, ಮತ್ತು ಆ ಶಂಖ. ಕಡಲ ಕಡೆ ಅದಕ್ಕೆ ಏನೆನ್ನುತ್ತಾರೋ ನಾನರಿಯೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಅದಕ್ಕೆ ಕಳ್ಳ ಎಂದೇ ಹೆಸರು. ಯಾಕೆಂದರೆ ಬಳಚಿನ ಚಿಪ್ಪು ತೆಳು, ಸುಟ್ಟು ಬೆಳ್ಳಗಾದ ಮೇಲೆ ನೀರು ಚಿಮುಕಿಸಿದರೆ ಸುಯ್ಯೆಂದು ಕುದಿದು, ಹಿಗ್ಗಿ, ನೋಡುನೋಡುತ್ತ ಹಿಟ್ಟಾಗುತ್ತದೆ. ಕಳ್ಳ ಹಾಗಲ್ಲ. ಅವನ ಮೈ ದಪ್ಪ. ನಡುವೆ ಗಟ್ಟಿಯಾದ ಕಂಬ. ಸುರುಳಿಯ ಒಳಮನೆಗೆ ನೀರು ಇಳಿಯುವುದು ತಡ. ಎಲ್ಲ ಹಿಟ್ಟಾಗಿ ತಣಿಯಿತು ಎಂದು ನಾವು ಅಂದುಕೊಂಡ ಮೇಲೆ ಹಿಟ್ಟಿನ ಅಡಿಯಲ್ಲಿ ಕೂತವನು ತಾನೊಬ್ಬನೇ ಕುದಿಯಲು ಶುರುಮಾಡುತ್ತಾನೆ. ಒಳಗೆ ಆವಿ ತುಂಬಿ, ಹೊರಗೆ ದಾರಿ ಸಿಗದೆ, ಪಟ್ಟೆಂದು ಸಿಡಿಯುತ್ತಾನೆ. ಸಿಡಿಯದೆ ಉಳಿದರೂ ಕಷ್ಟವೇ. ಅವನ ಚೂರು ಎಲೆಗೆ ಹಚ್ಚುವ ಸುಣ್ಣದಲ್ಲಿ ಸೇರಿದರೆ ತಿಂದವರ ನಾಲಗೆಗೆ ಬೊಬ್ಬೆ ಬರುತ್ತದೆ. ಭೈರುಂಬೆಯಿಂದ ಬರುತ್ತಿದ್ದ ಒಬ್ಬ ಮುದಿ ಅಮ್ಮ ಬಾಗಿಲಲ್ಲೇ ನಿಂತು, “ನಿಮ್ಮನೆ ಸುಣ್ಣ ಆದ್ರೆ ನಾಲಗೆ ಸುಡ್ತಿಲ್ಲೆ ನೋಡು ಕೂಸೆ” ಎನ್ನುತ್ತಿದ್ದಳು. ಆ ಹೊಗಳಿಕೆ ಸಲ್ಲಬೇಕಾದದ್ದು ಅಕ್ಕನ ಕಣ್ಣಿಗೆ.

ಗೂಡು ತುಂಬುವ ಮುಂಚೆ ಕಳ್ಳನನ್ನು ಹೆಕ್ಕಿ ತೆಗೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಅಕ್ಕ ಚಾಪೆಯ ಮೇಲೆ ಚಿಪ್ಪು ಹರಡಿ, ಎದ್ದು ನಿಂತು, ಒಂದು ಸಲ ಈ ಕಡೆಯಿಂದ ಆ ಕಡೆಗೆ ನೋಡುತ್ತಿದ್ದಳು. ಆಮೇಲೆ ಬಗ್ಗಿ ಅಲ್ಲೊಂದು ಇಲ್ಲೊಂದು ಕೈ ಹಾಕಿದರೆ ಪ್ರತಿ ಸಲವೂ ಕೈಯಲ್ಲಿ ಕಳ್ಳ. ಎರಡನೆಯ ಸಲ ನೋಡಬೇಕಾಗುತ್ತಿರಲಿಲ್ಲ. ನನಗೆ ಹಾಗೆ ಬರುತ್ತಿರಲಿಲ್ಲ. ಅದಕ್ಕೆ ಅವಳು ನನ್ನನ್ನು ಕೂರಿಸಿಕೊಂಡು ಅವನ ಮೈ ಪರಿಚಯ ಮಾಡಿಕೊಟ್ಟಳು.

“ತಂಗಿ, ಮೊದಲು ಹೆಗಲು ನೋಡು. ಗಂಟು ಸಿಗ್ತದಾ?”

ಸಿಗುತ್ತಿತ್ತು. ಚೂಪು ತುದಿಯಿಂದ ಹೊರಟ ಸುರುಳಿ ಸುತ್ತುತ್ತ ಇಳಿದು ಬರುತ್ತದೆ. ಬೆಳೆದದ್ದಕ್ಕೆ ಐದು ಸುತ್ತು, ಮರಿಗೆ ಮೂರೋ ನಾಲ್ಕೋ. ಪ್ರತಿ ಸುತ್ತಿಗೂ ಒಂದು ಹೆಗಲು, ಹೆಗಲ ಮೇಲೆ ಸಾಲಾಗಿ ಗಂಟು. ಮೇಲಿನ ಸುತ್ತುಗಳಲ್ಲಿ ಸಾಸಿವೆಯಷ್ಟು, ಕೊನೆಯದರಲ್ಲಿ ಮೆಣಸಿನ ಕಾಳಿನಷ್ಟು. ಕೊನೆಯ ಸುತ್ತೊಂದೇ ಮೇಲಿನವೆಲ್ಲ ಸೇರಿದರೂ ಅವಕ್ಕಿಂತ ದೊಡ್ಡದು, ಊರ ಪಟೇಲನ ಹೊಟ್ಟೆ ಎಂದು ಅಕ್ಕ ನಗುತ್ತಿದ್ದಳು. ಗಂಟುಗಳ ನಡುವೆ ನೂಲೆಳೆಯಂಥ ಏಣು, ಒಂದರ ಪಕ್ಕ ಒಂದು, ಸುರುಳಿಯ ಜೊತೆಗೇ ಓಡುತ್ತವೆ. ಉಗುರಿನಿಂದ ಎಳೆದರೆ ಕರಕರ ಎನ್ನುತ್ತದೆ. ಹೊರಗಿನ ಬಣ್ಣ ಬೂದಿ, ಅದರ ಮೇಲೆ ಕಂದು ಪಟ್ಟಿ. ಮಗುಚಿ ಹಾಕಿದರೆ ಬಾಯಿ. ಉದ್ದ ಬಾಯಿ, ಒಳಗೆ ನೇರಳೆ ಬಣ್ಣದ ನೆರಳು. ಹೊರದುಟಿಯ ಒಳಮೈಯಲ್ಲಿ ಸಣ್ಣ ಹಲ್ಲುಗಳ ಸಾಲು. ಒಳದುಟಿ ಮಾತ್ರ ನುಣ್ಣಗೆ, ತಿಕ್ಕಿ ಇಟ್ಟ ಹಾಗೆ. ಬಾಯಿಯ ಬುಡದಲ್ಲಿ ಒಂದು ಗಿಡ್ಡ ಕಾಲುವೆ, ಗಿಂಡಿಗೆ ಮೂತಿ ಇದ್ದಂತೆ.

“ಅದು ಅವನ ಮೂಗು” ಎಂದರು ಗಾಡಿ ಸಾಬರು, ಗೋಣಿ ಇಳಿಸುತ್ತ. ಅವರಿಗೆ ಕಡಲಿನವರ ಸಂಗ ಇತ್ತು, ತಿಳಿದದ್ದನ್ನೆಲ್ಲ ನಮಗೆ ತಂದು ಹೇಳುತ್ತಿದ್ದರು. “ಅಲ್ಲಿಂದ ನೀರೆಳ್ಕೊಂಡು ವಾಸನೆ ಹಿಡೀತಾನೆ ಬೇಟಿ. ಬಳಚು ಎಲ್ಲಿದೆ ಅಂತ ಗೊತ್ತಾಗ್ತದೆ. ಮೇಲೆ ಹತ್ತಿ ಕೂತ್ರೆ ಮುಗೀತು, ಎರಡು ದಿನ ಏಳೋದಿಲ್ಲ. ನಾಲಗೇಲಿ ಉಜ್ಜಿ ಉಜ್ಜಿ ತೂತು ಮಾಡ್ತಾನೆ. ಆಮೇಲೆ ಮೂತಿ ಹಾಕಿ ಒಳಗಿಂದು ಪೂರಾ ತಿಂತಾನೆ.”

ಅಕ್ಕ ಒಂದು ಬಳಚಿನ ಎಸಳನ್ನು ಬೆಳಕಿಗೆ ಹಿಡಿದಳು. ಕೀಲಿನ ಹತ್ತಿರ ದುಂಡಗೆ ಒಂದು ತೂತು, ಎಳ್ಳಿನಷ್ಟು, ಅಂಚು ನುಣುಪು. ಅಂಥವು ನೂರಕ್ಕೆ ಹತ್ತಾದರೂ ಇರುತ್ತಿದ್ದವು. ಅವು ಹುಟ್ಟಿನಿಂದಲೇ ಹಾಗೆ ಎಂದು ನಾನು ತಿಳಿದಿದ್ದೆ.

“ಹಾಗಾದ್ರೆ ಇದು ಕನ್ನ” ಎಂದಳು ಅಕ್ಕ. “ಅಜ್ಜ ಸುಮ್ನೆ ಹೆಸರಿಟ್ಟಿದ್ದಲ್ಲ.”

ಆ ದಿನದಿಂದ ಕನ್ನ ಬಿದ್ದ ಬಳಚು ನನಗೆ ಹುಚ್ಚು ಹಿಡಿಸಿತು. ತೂತು ತಾನಾಗಿಯೇ ಇದೆ, ದಾರ ಪೋಣಿಸಿದರೆ ಸರ. ಪೇಟೆಯ ಹುಡುಗಿಯರ ಕೊರಳಲ್ಲಿ ಮಣಿಸರ ನೋಡಿ ಹೊಟ್ಟೆ ಉರಿಸಿಕೊಂಡವಳು ನಾನು. ನೂರೊಂದು ಎಸಳಿನ ಸರ ಮಾಡಿ, ಎರಡು ಸುತ್ತು ಹಾಕಿಕೊಂಡು, ಅವರ ಮುಂದೆ ಒಂದು ಸಲ ನಡೆದು ಹೋಗಬೇಕು ಎಂದು ಆಸೆ. ಆ ಚೈತ್ರದಲ್ಲಿ ಮದುವೆ ಮುಂಜಿ ಎಂದು ಸುಣ್ಣಕ್ಕೆ ಎಲ್ಲಿಲ್ಲದ ಬೇಡಿಕೆ. ಅಕ್ಕ ಅಡಿಗೆ ಮಾಡುತ್ತ, “ಎರಡು ಚಾಪೆ ನೀನೇ ಹೆಕ್ಕು, ಇವತ್ತು ನಾ ಮತ್ತೆ ನೋಡೋದಿಲ್ಲ” ಎಂದಳು. ನಾನು ಹ್ಞೂಂ ಎಂದೆ. ಎರಡು ಚಾಪೆಯನ್ನೂ ಹೆಕ್ಕಿದೆ. ಹೆಕ್ಕಿದ್ದು ತೂತಿನ ಎಸಳುಗಳನ್ನು. ಕಳ್ಳನನ್ನು ಬಿಟ್ಟು ಅವನು ಹಾಕಿದ ಕನ್ನ ಹುಡುಕುತ್ತ ಕೂತೆ. ಅಪ್ಪ ಬಂದು ಬುಟ್ಟಿಗೆ ತುಂಬಿದ, ಗೂಡಿಗೆ ಸುರಿದ. ನನ್ನ ಮಡಿಲಲ್ಲಿ ಮೂವತ್ತೆಂಟು ಎಸಳು ಇದ್ದವು.

ಗೂಡು ಆರಿದ ಮೇಲೆ ಬೆಳಿಗ್ಗೆ, ಸುಟ್ಟ ಚಿಪ್ಪನ್ನು ಅಂಗಳದ ಚಪ್ಪಡಿಯ ಮೇಲೆ ಹರಡಿ ಅಕ್ಕ ನೀರು ಚಿಮುಕಿಸಿದಳು. ಸುಯ್ಯೆಂದಿತು, ಆವಿ ಎದ್ದಿತು, ಹಿಟ್ಟಾಯಿತು. ಒಂದು ಎಲೆ ಹಾಕಿ ಉಗುಳುವಷ್ಟು ಹೊತ್ತು ಕಾಯಬೇಕೆಂಬುದು ಮನೆಯ ಕ್ರಮ. ಅಕ್ಕ ಅದಕ್ಕಿಂತ ಹೆಚ್ಚೇ ಕಾದಳು. ಆಮೇಲೆ ಜರಡಿ ಹಿಡಿದು ಬಗ್ಗಿದಳು. ಪಟ್ ಎಂದು ಒಂದು ಸದ್ದು. ಹಿಟ್ಟು ಬುಗ್ಗೆಯಾಗಿ ಎದ್ದು ಅವಳ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಇನ್ನೊಂದು ಪಟ್.

ಅವಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂಗಿದಳು. “ತಂಗೀ, ನೀರು! ನೀರು ತಾರೇ!”

ನಾನು ಕೊಡದ ಹತ್ತಿರವೇ ಇದ್ದೆ. ತಂಬಿಗೆ ಅದ್ದಿ ಎತ್ತಿದೆ. ಅಷ್ಟರಲ್ಲಿ ಅಪ್ಪ ಗೂಡಿನ ಆಚೆಯಿಂದ ಓಡಿ ಬರುತ್ತ, “ನೀರು ತಾಗಿಸ್ಬೇಡ! ಕುದೀತದೆ! ಕಣ್ಣೇ ಬೇಯ್ತದೆ!” ಎಂದು ಅರಚಿದ.

ಅವನು ಹೇಳಬೇಕಾಗಿಯೂ ಇರಲಿಲ್ಲ. ಸುಣ್ಣಕ್ಕೆ ನೀರು ತಾಗಿದರೆ ಏನಾಗುತ್ತದೆಂದು ಮಾತು ಬರುವ ಮುಂಚೆಯೇ ಕಂಡವಳು ನಾನು. ಒಣ ಸುಣ್ಣ ಕೈ ಮೇಲೆ ಬಿದ್ದರೆ ಕೊಡವಬೇಕು, ಒರೆಸಬೇಕು, ಎಣ್ಣೆ ಹಚ್ಚಬೇಕು. ನೀರು ಮಾತ್ರ ಮುಟ್ಟಿಸಬಾರದು. ಇದು ಸುಣ್ಣದವರ ಮನೆಯ ಮೊದಲ ಪಾಠ. ಅಕ್ಕ ಕುರುಡುಗೈಯಲ್ಲಿ ಕೊಡವನ್ನು ತಡಕುತ್ತ ನನ್ನ ಕಡೆ ಬಂದಳು. ನಾನು ಕೊಡವನ್ನು ಒದ್ದು ಉರುಳಿಸಿದೆ. ಅಷ್ಟೂ ನೀರು ಅಂಗಳದ ಮಣ್ಣಿಗೆ ಹೋಯಿತು. ಅವಳನ್ನು ಉಳಿಸಿದೆ ಎಂದೇ ನಾನು ತಿಳಿದೆ.

ಅಪ್ಪ ಅವಳ ಕೈಗಳನ್ನು ಹಿಂದಕ್ಕೆ ಹಿಡಿದುಕೊಂಡ. ನಾನು ಬಟ್ಟೆಯ ತುದಿಯಿಂದ ಆದಷ್ಟು ಒರೆಸಿ, ಒಳಗಿನಿಂದ ಬೆಣ್ಣೆ ತಂದು, ರೆಪ್ಪೆ ಬಿಡಿಸಿ ತುಂಬಿದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಜನ ಆಡುವ ಮಾತಿದೆಯಲ್ಲ, ಯಾವ ಮಗನ ಮೇಲೆ ತಾಯಿಗೆ ಪ್ರೀತಿ ಹೆಚ್ಚು ಎನ್ನುವಾಗ? ಅದನ್ನು ಯಾರಾದರೂ ನಗುತ್ತ ಹೇಳಿದರೆ ನಾನು ಇವತ್ತಿಗೂ ಎದ್ದು ಹೋಗುತ್ತೇನೆ. ಒಂದೇ ಕಣ್ಣಿಗೆ ಎರಡನ್ನೂ ಹಾಕಿದವಳು ನಾನು.

ಅಕ್ಕ ಮೂರು ದಿನ ಕೂಗಿದಳು. ನಾಲ್ಕನೆಯ ದಿನ ದನಿ ಬಿದ್ದುಹೋಯಿತು. ಆಗ ಅಪ್ಪ ಗಾಡಿ ಸಾಬರನ್ನು ಕರೆದು, ಅವಳನ್ನು ಗಾಡಿಯಲ್ಲಿ ಮಲಗಿಸಿ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಧಾರವಾಡದ ಕಡೆಯವರು, ವಯಸ್ಸಾದವರು. ರೆಪ್ಪೆ ಎತ್ತಿ ನೋಡಿದರು. ನಾನೂ ನೋಡಿದೆ. ಎರಡೂ ಕಣ್ಣಲ್ಲಿ ಕಪ್ಪು ಇರಬೇಕಾದಲ್ಲಿ ಬೆಂದ ಮೀನಿನ ಕಣ್ಣಿನ ಬಿಳುಪು ಇತ್ತು.

“ಬಿದ್ದ ಕೂಡ್ಲೆ ನೀರ ಹೊಯ್ದ್ರೇನ?” ಎಂದು ಕೇಳಿದರು.

“ಇಲ್ಲ ಸಾಹೇಬ್ರೇ, ಒಂದು ಹನಿ ತಾಗಿಸ್ಲಿಲ್ಲ” ಎಂದ ಅಪ್ಪ. ಅವನ ಮಾತಿನಲ್ಲಿ ಶಹಬ್ಬಾಸ್ ಎನಿಸಿಕೊಳ್ಳುವ ಆಸೆ ಇತ್ತು.

ಡಾಕ್ಟರು ಎತ್ತಿದ್ದ ರೆಪ್ಪೆಯನ್ನು ಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. “ನೀರ ಹೊಯ್ಬೇಕಿತ್ತಪ್ಪಾ. ಒಂದು ತಂಬಿಗಿ ಅಲ್ಲ, ಕೊಡಗಟ್ಲೆ. ಕಣ್ಣ ತೆರದು, ನಿಲ್ಲಿಸದಂಗ ಹೊಯ್ದಿದ್ರ ಸುಣ್ಣ ತೊಳದು ಹೋಗ್ತಿತ್ತು. ಒಂದ ಕಣ್ಣರೆ ಉಳೀತಿತ್ತು.”

ಅಕ್ಕ ಹಾಸಿಗೆಯ ಮೇಲೆ ಇದ್ದಳು. ಕಣ್ಣು ಹೋಗಿತ್ತು, ಕಿವಿ ಇತ್ತು.

ಸುಣ್ಣ ಸಿಡಿಯುವಂತೆ ಮಾಡಿದ್ದೂ ನಾನು, ನೀರು ಚೆಲ್ಲಿದ್ದೂ ನಾನು. ಅಪ್ಪ ಮಾತ್ರ ದಾರಿಯುದ್ದಕ್ಕೂ ಗೊಣಗಿದ. “ಅವರೇನು ಸುಣ್ಣ ಸುಟ್ಟವರಾ? ಮೂರು ತಲೆಮಾರಿಂದ ನಾವು ಕಂಡಿದ್ದು ಸುಳ್ಳಾ?” ಶಂಖದಿಂದ ಬಂದರೇ ತೀರ್ಥ ಎನ್ನುತ್ತಾರೆ. ಸುಣ್ಣದ ಸುದ್ದಿ ಸುಣ್ಣದವರ ಬಾಯಿಂದ ಬಂದರೆ ಮಾತ್ರ ಅಪ್ಪನಿಗೆ ನಿಜ. ನಾನು ಅಕ್ಕನ ಮುಖ ನೋಡುತ್ತಿದ್ದೆ. ಅವಳು ಕಟ್ಟಿದ ಬಟ್ಟೆಯ ಕೆಳಗಿನಿಂದ, “ಹೌದು ಅಪ್ಪಾ, ಅವ್ರಿಗೆಂತ ಗೊತ್ತು” ಎಂದಳು. ಅವಳು ಅಪ್ಪನ ಸಮಾಧಾನಕ್ಕೆ ಹೇಳಿದಳೆಂದು ಆಗ ಅನ್ನಿಸಿತು. ತನ್ನ ಸಮಾಧಾನಕ್ಕೆ ಹೇಳಿಕೊಂಡಳೆಂದು ತಿಳಿಯಲು ನನಗೆ ಇನ್ನೆರಡು ವರ್ಷ ಬೇಕಾಯಿತು.

ಆರು ತಿಂಗಳು ಅವಳು ಮೂಲೆ ಬಿಟ್ಟು ಏಳಲಿಲ್ಲ. ಒಂದು ದಿನ ತಾನಾಗಿಯೇ, “ಚಿಪ್ಪು ತಾ, ಕೈಯಲ್ಲೇ ಹೆಕ್ತೆ” ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಾಪೆ ಹಾಸುವಾಗ ಅಳು ಬಂತು. ಅವನ ಮೈಯ ಗಂಟು, ಏಣು, ಹಲ್ಲು, ಮೂತಿ ಎಲ್ಲ ಅವಳಿಗೆ ಬಾಯಿಪಾಠ. ಕಣ್ಣಿಲ್ಲದಿದ್ದರೇನು, ಮುಟ್ಟಿದರೆ ತಿಳಿಯುತ್ತದೆ ಎಂದುಕೊಂಡೆವು. ಅವಳು ಒಂದೊಂದನ್ನೇ ಎತ್ತಿ, ಬೆರಳಲ್ಲಿ ಹೊರಳಿಸಿ, ಬಲಕ್ಕೆ ಒಳ್ಳೆಯದು, ಎಡಕ್ಕೆ ಕಳ್ಳ ಎಂದು ಇಡತೊಡಗಿದಳು. ಸ್ವಲ್ಪ ಹೊತ್ತಿನಲ್ಲೇ ಬಲಗಡೆಯ ರಾಶಿಯಲ್ಲಿ ಒಂದು ಕಳ್ಳ ಕಂಡಿತು, ಆಮೇಲೆ ಇನ್ನೊಂದು ಮರಿ. ಎಂಟು ವರ್ಷದಿಂದ ಸುಣ್ಣ ಕಲಸಿದ ಬೆರಳು ಅವು. ತುದಿಯ ಚರ್ಮ ದಡ್ಡುಗಟ್ಟಿ, ಒಡೆದು, ಮತ್ತೆ ದಡ್ಡುಗಟ್ಟಿ ಕೊರಡಿನಂತಾಗಿತ್ತು. ದೊಡ್ಡ ಗಂಟು ತಿಳಿಯುತ್ತಿತ್ತು. ನೂಲೆಳೆಯ ಏಣು, ಮರಿಯ ಸಾಸಿವೆ ಗಂಟು ತಿಳಿಯುತ್ತಿರಲಿಲ್ಲ.

ನಾನು ಸದ್ದಾಗದಂತೆ ಆ ಎರಡನ್ನೂ ತೆಗೆದೆ. ಮೂರನೆಯದನ್ನು ತೆಗೆಯುವಾಗ ಅವಳು ಕೈ ನಿಲ್ಲಿಸಿದಳು.

“ಎಷ್ಟಾಯ್ತು?” ಎಂದಳು.

“ಎಂತ ಎಷ್ಟಾಯ್ತು?”

“ನೀ ತೆಗೆದಿದ್ದು.”

ಒಂದೇ ಎಂದು ಸುಳ್ಳು ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಮೂಲೆಗೆ ಹೋದಳು. ಮತ್ತೆ ಎಂದೂ ಚಿಪ್ಪು ಕೇಳಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಏನೋ ಸತ್ತಿತು. ಅದಕ್ಕೆ ಹೆಣವೂ ಇರಲಿಲ್ಲ, ಸೂತಕವೂ ಇರಲಿಲ್ಲ.

ಆಮೇಲೆ ನಾನು ಹೆಕ್ಕಿದ ಹಾಗೆ ಯಾರೂ ಹೆಕ್ಕಿರಲಾರರು. ಒಂದೊಂದು ಚಾಪೆಯನ್ನು ಮೂರು ಸಲ ನೋಡುತ್ತಿದ್ದೆ. ಸಂಶಯ ಬಂದದ್ದನ್ನು ಕಲ್ಲಿನ ಮೇಲಿಟ್ಟು ಒಡೆದು, ಒಳಗೆ ಕಂಬ ಉಂಟೋ ಎಂದು ನೋಡುತ್ತಿದ್ದೆ. ಸರ ಮಾಡಲು ಇಟ್ಟಿದ್ದ ಮೂವತ್ತೆಂಟು ಎಸಳುಗಳನ್ನು ಬಚ್ಚಲಿನ ಹಿಂದೆ ಹೂತು ಹಾಕಿದೆ. ಇಷ್ಟೆಲ್ಲ ಮಾಡಿದರೂ ಎರಡನೆಯ ವರ್ಷ ಒಬ್ಬ ತಪ್ಪಿಸಿಕೊಂಡ. ಎಷ್ಟೋ ಕಾಲ ನೀರಿನಲ್ಲಿ ಹೊರಳಿ ಸವೆದವನಿರಬೇಕು. ಹೆಗಲಿಲ್ಲ, ಗಂಟಿಲ್ಲ, ಗೆರೆಯಿಲ್ಲ, ತುದಿ ಮುರಿದು ಬಾಯಿ ಒಡೆದು ಬಳಚಿನ ಕೀಲಿನ ತುಂಡಿನಂತೆ ಕಂಡಿರಬೇಕು. ಆಮೇಲೆ ಚಪ್ಪಡಿಯ ಮೇಲೆ ಸಿಕ್ಕ ನಡುಗಂಬದ ಚೂರು ನೋಡಿಯೇ ನನಗೆ ತಿಳಿದದ್ದು.

ಅಂದ ಹಾಗೆ, ಅಕ್ಕನಿಗೆ ಹಾಗಾದ ಮೇಲೆ ನೀರು ಚಿಮುಕಿಸುವ ಕೆಲಸ ಅಪ್ಪನೇ ಮಾಡುತ್ತಿದ್ದ. ಅವನು ಬಗ್ಗಿದಾಗ ಸಿಡಿಯಿತು. ಬಲಗಣ್ಣಿಗೆ ಬಿತ್ತು.

ಈ ಸಲ ನಾನು ಕೊಡ ಎತ್ತಿಕೊಂಡೇ ಓಡಿದೆ. ಅಪ್ಪ ಕಣ್ಣು ಹಿಡಿದುಕೊಂಡು, “ಬೆಣ್ಣೆ, ಬೆಣ್ಣೆ” ಎನ್ನುತ್ತಿದ್ದ. ಸದ್ದು ಕೇಳಿ ಅಕ್ಕ ಒಳಗಿನಿಂದ ಗೋಡೆ ತಡವುತ್ತ ಬಂದು, ನೀರಿನ ತುಳುಕು ಕೇಳಿ, ಹಿಂದಿನಿಂದ ನನ್ನ ಜಡೆ ಹಿಡಿದಳು.

“ನೀರು ಹಾಕ್ಬೇಡ! ಅಪ್ಪನ ಕಣ್ಣು ತೆಗೀಬೇಡ್ವೇ!”

“ಬಿಡೇ ಅಕ್ಕಾ! ಡಾಕ್ಟ್ರು ಹೇಳಿದ್ದು ಮರ್ತ್ಯಾ?”

“ಸುಳ್ಳು ಹೇಳಿದ್ದು ಅವ್ರು! ಸುಳ್ಳು! ಸುಳ್ಳು!”

ಆ ಮೂರು ಸುಳ್ಳು ಕೇಳಿದಾಗ ನನಗೆ ಎಲ್ಲ ತಿಳಿಯಿತು. ಡಾಕ್ಟರ ಮಾತು ಸುಳ್ಳಾಗಿದ್ದರೆ ಮಾತ್ರ ಅವಳು ಬದುಕಬಲ್ಲಳು. ಕಣ್ಣು ಹೋಗಲೇಬೇಕಿತ್ತು, ಹಣೆಯಲ್ಲಿ ಬರೆದಿತ್ತು, ಹೋಯಿತು ಎಂದಾದರೆ ಹೇಗೋ ತಡೆಯಬಹುದು. ಒಂದು ಕೊಡ ನೀರಿಗೆ ಉಳಿಯುತ್ತಿತ್ತು, ಅದನ್ನು ಒಡಹುಟ್ಟಿದವಳೇ ಒದ್ದು ಚೆಲ್ಲಿದಳು ಎಂದಾದರೆ ಅದನ್ನು ಯಾರು ತಡೆದಾರು? ತಿಳಿದೂ ನಾನು ಅವಳನ್ನು ನೂಕಿದೆ. ಅವಳು ಬಿದ್ದಳು. ಅಪ್ಪನನ್ನು ಅಂಗಾತ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ರೆಪ್ಪೆ ಎಳೆದು ಹಿಡಿದು ಹೊಯ್ದೆ. ಕೊಡ ಖಾಲಿಯಾದಾಗ ಹಂಡೆಯಿಂದ ಹೊಯ್ದೆ. ಬಾವಿಯಿಂದ ಸೇದಿ ಸೇದಿ ಹೊಯ್ದೆ. ಅಪ್ಪ ಮೊದಲು ಹೊಡೆದ, ಆಮೇಲೆ ಬೈದ, ಆಮೇಲೆ ಸುಮ್ಮನಾದ. ಅಕ್ಕ ಬಿದ್ದಲ್ಲೇ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಳು.

ಅವತ್ತೇ ದವಾಖಾನೆಯಲ್ಲಿ ಕಟ್ಟಿದ್ದ ಪಟ್ಟಿಯನ್ನು ಹತ್ತು ದಿನ ಬಿಟ್ಟು ಡಾಕ್ಟರು ಬಿಚ್ಚಿದರು. ಕಣ್ಣು ಕೆಂಪಗಿತ್ತು, ಅಷ್ಟೇ. ಅಪ್ಪ ಎಡಗಣ್ಣು ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡಿದ. ದವಾಖಾನೆಯ ಎದುರಿನ ಹಲಸಿನ ಮರದಲ್ಲಿ ಎಷ್ಟು ಕಾಯಿ ಎಂದು ಡಾಕ್ಟರು ಕೇಳಿದರೆ ತಪ್ಪಿಲ್ಲದೆ ಹೇಳಿದ. “ಯಾರಪಾ ನೀರ ಹಾಕಿದ್ದು?” ಎಂದರು. ಅಪ್ಪ ನನ್ನ ಕಡೆ ಕೈ ತೋರಿಸಿದ. ಡಾಕ್ಟರು ನನ್ನ ತಲೆಯ ಮೇಲೆ ಕೈ ಇಟ್ಟರು. ನನಗೆ ಅವರ ಕೈ ಕಚ್ಚಬೇಕೆನಿಸಿತು.

ಬರುವ ದಾರಿಯಲ್ಲಿ ಅಪ್ಪ ಮನೆಯ ತಿರುವಿನಲ್ಲಿ ನಿಂತ. ಹೆಗಲ ಮೇಲಿನ ಪಂಜೆಯ ಅಂಚು ಹರಿದು, ಬಲಗಣ್ಣಿನ ಮೇಲೆ ಸುತ್ತಿ ಕಟ್ಟಿಕೊಂಡ.

“ಕಾಣ್ತದೆ ಅಂತ ಹೇಳ್ಬೇಡ” ಎಂದ. “ಯಾರಿಗೂ ಹೇಳ್ಬೇಡ. ಊರೋರಲ್ಲಿ ಒಬ್ರಿಗೆ ಗೊತ್ತಾದ್ರೂ ನಿನ್ ಅಕ್ಕಂಗೆ ಗೊತ್ತಾಗ್ತದೆ. ನಂಗೆ ಕಾಣ್ತದೆ ಅಂತ ಗೊತ್ತಾದ್ರೆ ಅದು ಬಾವಿಗೆ ಹಾರ್ತದೆ ಮಗಾ.”

ನಾನು ತಲೆಯಾಡಿಸಿದೆ. ಬೇರೆ ಏನು ಮಾಡಲಿ? ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ನಮ್ಮ ಹೆಜ್ಜೆ ಕೇಳಿ ಎದ್ದಳು.

“ಅಪ್ಪಾ, ಕಾಣ್ತದಾ?”

“ಇಲ್ಲ ಮಗಾ” ಎಂದ ಅಪ್ಪ. “ಹೋಯ್ತು.”

ಅವಳು ನನ್ನ ಕಡೆ ಮುಖ ತಿರುಗಿಸಿದಳು. ಕಣ್ಣಿಲ್ಲದವರು ಎಷ್ಟು ಸರಿಯಾಗಿ ನೋಡುತ್ತಾರೆ! “ನಾ ಹೇಳಿದ್ದೆ. ಬಡ್ಕೊಂಡಿದ್ದೆ. ನೀ ಕೇಳ್ಲಿಲ್ಲ.” ಆಮೇಲೆ ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಇನ್ನೊಂದಾದರೂ ಉಳಿಯಿತಲ್ಲ ಎಂದು ಸಮಾಧಾನ ಹೇಳಿದಳು. ಆ ದಿನ ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ಎರಡು ವರ್ಷದಲ್ಲಿ ಅವಳು ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು. ಅವಳ ಮುಖದಲ್ಲಿ ನೆಮ್ಮದಿ ಇತ್ತು. ಆ ನೆಮ್ಮದಿ ನೋಡಿ ನನಗೆ ಅವಳ ಮೇಲೆ ಪ್ರೀತಿಯೂ ಉಕ್ಕಿತು, ದ್ವೇಷವೂ ಉಕ್ಕಿತು. ಯಾವುದು ಹೆಚ್ಚು ಎಂದು ಕೇಳಿದರೆ ಈಗಲೂ ಹೇಳಲಾರೆ.

ಊರಿನಲ್ಲಿ ನಾನು ಅಪ್ಪನ ಕಣ್ಣು ತೆಗೆದ ಹುಡುಗಿಯಾದೆ. ಬಾಗಿಲಿಗೆ ಬರುವವರೆಲ್ಲ ಅಪ್ಪನ ಪಟ್ಟಿ ನೋಡಿ, ನನ್ನನ್ನು ನೋಡಿ, ನಾಲಗೆ ಚಪ್ಪರಿಸುತ್ತಿದ್ದರು. ಅಪ್ಪ ಯಾರಿಗೂ ಎದುರಾಡುತ್ತಿರಲಿಲ್ಲ. ಗೂಡಿನ ಹಿಂದೆ ಒಬ್ಬನೇ ಇದ್ದಾಗ ಪಟ್ಟಿ ಸರಿಸಿ ಕಣ್ಣಿಗೆ ಬೆಳಕು ತೋರಿಸುತ್ತಿದ್ದ. ನಾನು ಬಂದರೆ ಕಟ್ಟಿಕೊಳ್ಳುತ್ತಿದ್ದ. ನನಗೆ ಗೊತ್ತಿದ್ದ ಸಂಗತಿಯನ್ನು ನನ್ನಿಂದಲೂ ಮುಚ್ಚುತ್ತಿದ್ದ.

ಹೀಗೆ ಒಂದು ವರ್ಷ ಕಳೆದಿರಬೇಕು. ಯಲ್ಲಾಪುರದಾಚೆ ನಂದೊಳ್ಳಿಯ ಕಡೆ ನಮ್ಮವರದೇ ಒಂದು ಗೂಡು ಇತ್ತು, ಅಪ್ಪನ ಚಿಕ್ಕಪ್ಪನ ಮಗನದು. ಆತ ಒಂದು ಮಧ್ಯಾಹ್ನ ಬಂದ. ಜೊತೆಗೆ ಸೊಸೆ. ಇಪ್ಪತ್ತರ ಪ್ರಾಯ, ಸೊಂಟದ ಮೇಲೆ ವರ್ಷದ ಕೂಸು, ಕಣ್ಣಿಗೆ ಬಿಳಿ ಬಟ್ಟೆ. ಅವಳು ಕಾಲಿನಿಂದ ನೆಲ ಹುಡುಕುತ್ತ ಜಗಲಿ ಹತ್ತಿದಳು. ಮಗು ಬಟ್ಟೆಯ ತುದಿ ಹಿಡಿದು ಎಳೆಯುತ್ತಿತ್ತು.

“ಮೂರು ತಿಂಗಳಾತು ಅಣ್ಣಾ” ಎಂದ ಆತ. “ಅದೇ ಕಳ್ಳ ಸಿಡಿದಿದ್ದು. ದೇವರ ಆಟ, ಎಂತ ಮಾಡೋದು. ನಿನ್ ದೊಡ್ ಮಗಳು ಕಣ್ಣಿಲ್ದೆ ಅಡಿಗೆ ಗಿಡಿಗೆ ಎಲ್ಲ ಮಾಡ್ತದೆ ಅಂತ ಕೇಳ್ದೆ. ನಾಲ್ಕು ದಿನ ಇಟ್ಕೊಂಡು ಇದಕ್ಕೂ ಕಲ್ಸಿ ಕೊಡ್ರಿ.”

ಅಪ್ಪ ಅವರಿಗೆ ಕೂರಲು ಚಾಪೆ ಹಾಸಿದ.

“ನಮ್ ಕಡೆಯಿಂದ ತಪ್ಪು ಆಗ್ಲಿಲ್ಲ ಮತ್ತೆ” ಎಂದು ಆತ ಮುಂದುವರಿಸಿದ. “ಪಕ್ಕದ ಮನೆಯೋರು ನೀರು ಹೊಯ್ರಿ ಅಂತ ಕೊಡ ತಂದಿದ್ರು. ನಾನೇ ಅಡ್ಡ ನಿಂತೆ. ನಿಮ್ಮನೇಲಿ ನೀರು ಹಾಕಿ ನಿನ್ ಕಣ್ಣು ಹೋಗಿದ್ದು ಗೊತ್ತಿತ್ತಲ್ಲ. ಒಂದು ಹನಿ ತಾಗ್ಸಲಿಲ್ಲ.”

“ಒಳ್ಳೇದು ಮಾಡಿದ್ರಿ ಚಿಕ್ಕಪ್ಪಾ” ಎಂದಳು ಅಕ್ಕ.

ನಾನು ಅಪ್ಪನನ್ನು ನೋಡಿದೆ. ಅವನ ಕೈ ಪಟ್ಟಿಯ ಗಂಟಿನ ತನಕ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಕೆಳಗೆ ಬಂದು ಮಡಿಲಲ್ಲಿ ಬಿತ್ತು. ನಾನೂ ಬಾಯಿ ಬಿಡಲಿಲ್ಲ. ಅಕ್ಕ ಗೋಡೆ ಬಿಟ್ಟು ಮುಂದೆ ಬಂದು, ಆ ಹುಡುಗಿಯ ಕೈ ಹುಡುಕಿ ಹಿಡಿದು, ಒಲೆ ಎಲ್ಲಿದೆ ಎಂದು ತೋರಿಸಲು ಒಳಗೆ ಕರೆದುಕೊಂಡು ಹೋದಳು.